ಕೈ ಕಾಣುವ ಫೋಟೊ

ಬ್ರಹ್ಮಾವರದ ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೊ ಇದೆ. ಎಲ್ಲರ ಹತ್ತಿರವೂ ಮೊಬೈಲ್ ಇರುವಾಗ ಸ್ಟುಡಿಯೊಕ್ಕೆ ಯಾರು ಬರುತ್ತಾರೆ ಎಂದು ಕೆಲವರು ಕೇಳುವುದುಂಟು. ಬರುತ್ತಾರೆ. ಪಾಸ್‌ಪೋರ್ಟ್ ಮಾಡಿಸುವವರು, ತೀರಿಕೊಂಡವರ ಹಳೆಯ ಫೋಟೊ ದೊಡ್ಡದು ಮಾಡಿಸುವವರು, ಮಗುವಿನ ಮೊದಲ ಹುಟ್ಟುಹಬ್ಬದವರು, ಮದುವೆಗೆ ಸಂಬಂಧ ನೋಡುತ್ತಿರುವವರು. ಈ ಕೊನೆಯವರು ಮೆಟ್ಟಿಲು ಹತ್ತುವಾಗಲೇ ಗೊತ್ತಾಗಿಬಿಡುತ್ತಾರೆ. ತಾಯಿ ಮುಂದೆ, ಮಗಳು ಹಿಂದೆ, ಇನ್ನೊಂದು ಸೀರೆ ಇರುವ ಚೀಲ ಮಗಳ ಹೆಗಲಿಗೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ, ಬಸ್ರೂರಿನಿಂದ ಒಬ್ಬ ತಾಯಿ ಮತ್ತು ಮಗಳು ಹಾಗೆಯೇ ಬಂದರು. ಬಸ್ರೂರಿನವರಿಗೆ ಕುಂದಾಪುರ ಕೂಗಳತೆಯಲ್ಲಿದೆ, ಅಲ್ಲಿ ಬೇಕಾದಷ್ಟು ಸ್ಟುಡಿಯೊಗಳೂ ಇವೆ. ಇಷ್ಟು ದೂರ ಯಾಕೆ ಬಂದಿರಿ ಎಂದು ನಾನು ಕೇಳುವ ಮೊದಲೇ ತಾಯಿ ಹೇಳಿದರು, "ಕುಂದಾಪ್ರದಂಗೆ ಎಲ್ಲ ಗುರ್ತಿನವ್ರೇ ಮಾರ್ರೆ. ಒಬ್ರ್ ಕಂಡ್ರ್ ಅಂದ್ರೆ ಊರಿಗೇ ಗೊತ್ತಾತ್ತ್." ಮಗಳು ಸೀರೆ ಬದಲಿಸಲು ಒಳಗಿನ ಕೋಣೆಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ತಾಯಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಹ್ವಾಯ್, ಒಂದ್ ಮಾತ್ ಹೇಳ್ಕ್. ಅದ್ರ ಎಡಗೈ ಸುಟ್ಟದ್ದ್. ಸಣ್ಣದಿಪ್ಪತಿಗೆ ಭತ್ತ ಬೇಯ್ಸು ಹಂಡಿಗೆ ಕೈ ಹಾಕಿತ್ತ್. ಫೋಟದಂಗೆ ಅದ್ ಕಾಂಬುಕಾಗ."

"ಆಯ್ತ್, ಕೈ ಕಾಣದ್ ಹಾಂಗೆ ತೆಗಿತೆ," ಎಂದೆ.

ಹುಡುಗಿ ಹೊರಗೆ ಬಂದಾಗ ಕೈ ನೋಡಿದೆ. ಮುಂಗೈಯ ಚರ್ಮ ಹೊಳೆಯುತ್ತಿತ್ತು, ಬೆರಳುಗಳು ಅಂಗೈಗೆ ಅಂಟಿಕೊಂಡು ಒಂದು ಮುಷ್ಟಿಯ ಹಾಗಾಗಿದ್ದವು, ಹೆಬ್ಬೆರಳು ಮಾತ್ರ ಬಿಡಿಯಾಗಿತ್ತು. ಅವಳಿಗೆ ಮೂವತ್ತರ ಆಸುಪಾಸು. ಬಸ್ರೂರಿನಲ್ಲಿ ರಸ್ತೆ ಬದಿಗೆ ಅವಳದೇ ಒಂದು ಹೊಲಿಗೆ ಅಂಗಡಿ ಇದೆ ಎಂದು ತಾಯಿ ಹೇಳಿದರು. ಹುಡುಗಿ ಹೆಚ್ಚು ಮಾತಾಡಲಿಲ್ಲ. ಸ್ಟೂಲಿನ ಮೇಲೆ ಕೂತು, ಯಾರೂ ಹೇಳದೆಯೇ, ಎಡಗೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು.

ಈ ಕೆಲಸ ನಾನು ಕಲಿತದ್ದು ಅಪ್ಪಯ್ಯನಿಂದ. ಅವರಿಗೆ ಕುಂದಾಪುರದಲ್ಲಿ ಸ್ಟುಡಿಯೊ ಇತ್ತು. ಕ್ಯಾಲೆಂಡರಿನ ದಪ್ಪ ರಟ್ಟಿನಿಂದ ಕತ್ತರಿಸಿದ ಎರಡು ತುಂಡುಗಳು ಅವರ ಮೇಜಿನ ಮೇಲೆ ಸದಾ ಇರುತ್ತಿದ್ದವು. ಒಂದೊಂದೂ ಬಡಗಿಯ ಮೂಲೆಮಟ್ಟದ ಹಾಗೆ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದ್ದು. ಎರಡನ್ನೂ ಎದುರು ಬದುರು ಜೋಡಿಸಿದರೆ ನಡುವೆ ಒಂದು ಕಿಟಕಿಯಾಗುತ್ತಿತ್ತು. ಪ್ರಿಂಟಿನ ಮೇಲೆ ಆ ಕಿಟಕಿಯನ್ನು ದೊಡ್ಡದು ಸಣ್ಣದು ಮಾಡುತ್ತ, ಎಲ್ಲಿ ಕತ್ತರಿಸಿದರೆ ಏನಾಗುತ್ತದೆ ಎಂದು ತೋರಿಸುತ್ತಿದ್ದರು. "ಕಣ್ಣ್ ಸುಮ್ನೆ ಕೂಕಂತಿಲ್ಲೆ," ಎನ್ನುತ್ತಿದ್ದರು. "ಬೆಳ್ಕ್ ಇದ್ದಲ್ ಹೋತ್ತ್, ಮುಖ ಇದ್ದಲ್ ಹೋತ್ತ್, ಆ ಮುಖ ಎಲ್ಲ್ ಕಾಂತಾ ಇತ್ತೋ ಅಲ್ಲಿಗ್ ಹೋತ್ತ್. ನಾವ್ ದಾರಿ ಮಾಡಿ ಕೊಡುದಷ್ಟೆ." ಈಗ ಆ ಕೆಲಸವನ್ನು ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಎಳೆದು ಮಾಡುತ್ತೇವೆ. ಮಾಡುವುದು ಮಾತ್ರ ಅದನ್ನೇ.

ಹುಡುಗಿಯ ಬಲ ಹೆಗಲು ಸ್ವಲ್ಪ ಮುಂದೆ ಬರುವ ಹಾಗೆ ಕೂರಿಸಿದೆ. ಹಿಂದೆ ಕಡು ಹಸುರು ಪರದೆ ಬಿಟ್ಟೆ. ಸೆರಗನ್ನು ಬೆನ್ನಿನಿಂದ ಸುತ್ತಿ ತಂದು ಅದರ ಜರಿ ಅಂಚು ಬಲ ಹೆಗಲಿನಿಂದ ಇಳಿಯುವಂತೆ ಸರಿಮಾಡಿದೆ. ಜರಿಯ ಮೇಲೆ ಬೆಳಕು ಬಿದ್ದರೆ ನೋಡುವವರ ಕಣ್ಣು ಆ ಗೆರೆ ಹಿಡಿದು ಮೇಲಕ್ಕೆ ಹತ್ತಿ ಕುತ್ತಿಗೆ, ಕಿವಿಯೋಲೆ, ಮುಖ ಎಂದು ಹೋಗುತ್ತದೆ, ಎಡಕ್ಕೆ ತಿರುಗುವುದಿಲ್ಲ. ಆಮೇಲೆ ಎದೆಯ ಮಟ್ಟಕ್ಕೆ ಕತ್ತರಿಸಿದೆ. ಕಂಪ್ಯೂಟರಿನ ಪರದೆಯ ಮೇಲೆ ಕಂಡದ್ದು ಸುಂದರವಾದ, ತುಸು ಗಂಭೀರವಾದ ಒಂದು ಮುಖ. ತಾಯಿಗೆ ಸಂತೋಷವಾಯಿತು. ಮಗಳು ಬಗ್ಗಿ ನೋಡಿ, "ಚಂದ ಬಂದಿತ್ತ್. ಯಾರೋ ಬೇರೆಯವ್ರ್ ಕಂಡಾಂಗ್ ಆತ್ತ್," ಎಂದಳು. ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಹವಾಮಾನದ ಬಗ್ಗೆ ಹೇಳಿದ ಹಾಗಿತ್ತು.

ಚಳಿ ಶುರುವಾದಾಗ ಇಬ್ಬರೂ ಮತ್ತೆ ಬಂದರು. ನಡುವೆ ನಡೆದದ್ದನ್ನು ತಾಯಿಯೇ ಹೇಳಿದರು. ಫೋಟೊ ನೋಡಿ ಮೆಚ್ಚಿ ಬೈಂದೂರಿನ ಕಡೆಯ ಒಂದು ಕುಟುಂಬ ಹೆಣ್ಣು ನೋಡಲು ಬಂದಿತ್ತು. ಹುಡುಗಿ ಕಾಫಿಯ ತಟ್ಟೆಯನ್ನು ಬಲಗೈಯಲ್ಲಿ ಹಿಡಿದು, ಎಡ ಮಣಿಕಟ್ಟನ್ನು ಕೆಳಗೆ ಆಧಾರವಾಗಿ ಕೊಟ್ಟು ತಂದಳು. ಅವರು ಕಾಫಿ ಕುಡಿದರು, ತಿಂಡಿ ತಿಂದರು, ಬೆಳೆಯ ವಿಷಯ ಮಾತಾಡಿದರು. ಹೊರಡುವಾಗ ಗಂಡಿನ ತಾಯಿ ಚಪ್ಪಲಿ ಮೆಟ್ಟುತ್ತ, "ಫೋಟದಂಗೆ ಇದ್ ಇರ್ಲಿಲ್ಲ ಅಲ್ದಾ," ಎಂದರಂತೆ. ಅಷ್ಟೇ. ಮರುದಿನ ಜಾತಕ ಕೂಡಿಬರುವುದಿಲ್ಲ ಎಂದು ಫೋನು ಬಂತು.

ಆಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಎದೆಯ ಮಟ್ಟದ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರೆ, ಪೂರ್ತಿ ನಿಂತ ಫೋಟೊ ಕಳಿಸಿ ಎಂದು ಕೇಳುವವರೇ ಎಲ್ಲ.

"ಈಗಿನವ್ರಿಗ್ ಕಾಲಿಂದ ತಲಿ ತನ್ಕ ಕಾಣ್ಕ್," ಎಂದರು ತಾಯಿ. "ನಿಲ್ಸಿ ತೆಗಿರಿ. ಕೈ ಹ್ಯಾಂಗಾರೂ ಹಿಂದ್ ಹೋಪ ಹಾಂಗ್ ಮಾಡಿ."

ಎತ್ತರದ ಬೆನ್ನಿನ ಒಂದು ಮರದ ಕುರ್ಚಿ ನನ್ನಲ್ಲಿದೆ. ಅದರ ಹಿಂದೆ ಹುಡುಗಿಯನ್ನು ಓರೆಯಾಗಿ ನಿಲ್ಲಿಸಿ, ಎಡಗೈ ಕುರ್ಚಿಯ ಮರೆಗೆ ಹೋಗುವಂತೆ ಮಾಡಿದೆ. ಫೋಟೊ ತೆಗೆದು ಪರದೆಗೆ ಹಾಕಿದಾಗಲೇ ನನಗೆ ಸರಿ ಕಾಣಲಿಲ್ಲ. ಮೊದಲಿನ ಫೋಟೊದಲ್ಲಿ ಎರಡು ಕೈಗಳೂ ಚೌಕಟ್ಟಿನ ಹೊರಗಿದ್ದವು, ನೋಡುವವರಿಗೆ ಕೈಯ ಯೋಚನೆಯೇ ಬರುತ್ತಿರಲಿಲ್ಲ. ಇದರಲ್ಲಿ ಹಾಗಲ್ಲ. ಕಣ್ಣು ಮುಖದಿಂದ ಹೆಗಲಿಗೆ, ಹೆಗಲಿನಿಂದ ತೋಳಿಗೆ ಇಳಿದು, ಕುರ್ಚಿಯ ಅಂಚಿಗೆ ಬಂದು ನಿಂತುಬಿಡುತ್ತಿತ್ತು. ತೋಳು ಶುರುವಾಗಿದೆ, ಮುಗಿದಿಲ್ಲ. ಮುಗಿಯದ್ದನ್ನು ಕಣ್ಣು ಹುಡುಕುತ್ತದೆ.

ತಾಯಿಗೆ ಹೇಳಿದೆ, "ಅಮ್ಮ, ಇದ್ರಂಗೆ ಕಣ್ಣ್ ಸೀದ ಕುರ್ಚಿ ಹತ್ರವೇ ಹೋತ್ತ್. ಕೈ ಎಲ್ಲ್ ಅಂದೇಳಿ ಕೇಂತ್ರ್."

"ಅದೆಲ್ಲ ನಿಮ್ಗ್ ಕಾಂಬುದ್. ಬೇರೆಯವ್ರಿಗ್ ಎಂತ ಗೊತ್ತಾತ್ತ್?"

ಫೋಟೊ ತೆಗೆದುಕೊಂಡು ಹೋದರು. ಅದು ಹೋದ ಮೊದಲ ಮನೆಯಿಂದಲೇ ಪ್ರಶ್ನೆ ಬಂತಂತೆ, ಹುಡುಗಿಯ ಎಡಗೈಗೆ ಏನಾಗಿದೆ ಎಂದು. ಇದನ್ನು ನನಗೆ ಹೇಳಿದ್ದು ಹುಡುಗಿ. ಆ ಸಲ ಅವಳು ಒಬ್ಬಳೇ ಬಂದಿದ್ದಳು. ನಡುಹಗಲು, ಸ್ಟುಡಿಯೊದಲ್ಲಿ ಬೇರೆ ಯಾರೂ ಇರಲಿಲ್ಲ. ಮೆಟ್ಟಿಲು ಹತ್ತಿ ಬಂದವಳು ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂತು ಆಮೇಲೆ ಮಾತು ತೆಗೆದಳು.

"ಅಕ್ಕ, ಕೈ ಕಾಂಬು ಹಾಂಗೆ ಒಂದ್ ಫೋಟ ತೆಗಿರಿ."

"ಅಮ್ಮ ಒಪ್ಪಿದ್ರಾ?"

"ಅಮ್ಮಂಗ್ ಗೊತ್ತಿಲ್ಲೆ." ಆಮೇಲೆ ಹೇಳಿದಳು, "ಮನಿಗ್ ಬಪ್ಪವ್ರ್ ಮೊದ್ಲ್ ಮುಖ ಕಾಂತ್ರ್. ಮತ್ತೆ ಕೈ ಕಾಂತ್ರ್. ಕೈ ಕಂಡ್ ಮೇಲೆ ಮತ್ತ್ ಮುಖ ಕಾಂಬುದೇ ಇಲ್ಲ ಅಕ್ಕ. ಕಾಫಿ ಕುಡು ತನ್ಕ ಗೋಡಿ ಕಾಂತಾ ಕೂಕಂತ್ರ್. ಮೊದ್ಲೇ ಗೊತ್ತಿದ್ರೆ ಬಪ್ಪವ್ರ್ ಬತ್ರ್, ಬಾರ್ದವ್ರ್ ಬತ್ತಿಲ್ಲೆ."

ನಾನು ಲೈಟು ಹಾಕಿದೆ. ಮೊದಲು ಅವಳು ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು ಕೂತಳು. ಫೋಟೊ ನೋಡಿ ಅವಳೇ ನಕ್ಕಳು. "ಇದ್ ಬರೀ ಕೈಯ ಫೋಟ ಆಯ್ತ್. ನಾನ್ ಎಲ್ಲ್?" ಹೌದು, ಚಿತ್ರದ ನಟ್ಟನಡುವೆ, ಲೆನ್ಸಿಗೆ ಹತ್ತಿರ, ಮುಖಕ್ಕಿಂತ ದೊಡ್ಡದಾಗಿ ಕೈ ಕೂತಿತ್ತು. ಎರಡನೆಯದರಲ್ಲಿ ಎಡಗೈಯನ್ನು ಮಡಿಲಲ್ಲಿಟ್ಟು, ಚೌಕಟ್ಟಿನ ಕೆಳಗಿನ ಮೂಲೆಗೆ ಬರುವಂತೆ ತೆಗೆದೆ. ಅದು ಅಲ್ಲಿ ಇತ್ತು, ಆದರೆ ಕದ್ದು ತಂದು ಇಟ್ಟ ಹಾಗೆ. ಕಣ್ಣು ಮುಖ ನೋಡಿ, ಅಲೆದು, ಕೊನೆಗೆ ಮೂಲೆಯಲ್ಲಿ ಅದನ್ನು ಕಂಡು ಬೆಚ್ಚುತ್ತಿತ್ತು. ಇನ್ನೂ ಕೆಲವು ತೆಗೆದೆ. ಯಾವುದೂ ಆಗಲಿಲ್ಲ. ತೊಂದರೆ ಏನೆಂದು ನನಗೆ ನಿಧಾನಕ್ಕೆ ತಿಳಿಯಿತು. ಸ್ಟೂಲಿನ ಮೇಲೆ ಸುಮ್ಮನೆ ಕೂತ ಕೈಗೆ ಮಾಡಲು ಏನೂ ಇರಲಿಲ್ಲ. ಏನೂ ಮಾಡದ ಕೈ ನೋಡಿಸಿಕೊಳ್ಳುವುದಕ್ಕಾಗಿಯೇ ಅಲ್ಲಿಟ್ಟ ಹಾಗೆ ಕಾಣುತ್ತದೆ.

"ಅಂಗಡಿಯಂಗೆ ಹೊಲಿವತಿಗೆ ಈ ಕೈಯಂಗೆ ಎಂತ ಮಾಡ್ತೆ?" ಎಂದು ಕೇಳಿದೆ.

"ಬಟ್ಟಿ ಒತ್ತಿ ಹಿಡ್ಕಂತೆ. ಸೂಜಿ ಹತ್ರ ತಳ್ಳುದ್ ಇದೇ ಕೈ."

"ಹಾಂಗಾರೆ ನಾನೇ ಬಸ್ರೂರಿಗ್ ಬತ್ತೆ," ಎಂದೆ.

ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಅವಳ ಅಂಗಡಿ ಒಂದೇ ಕೋಣೆ, ಬಾಗಿಲು ಪೂರ್ವಕ್ಕೆ. ಬೆಳಗಿನ ಬೆಳಕು ಬಾಗಿಲಿನಿಂದ ಒಳಗೆ ಬಂದು ಹೊಲಿಗೆ ಯಂತ್ರದ ಮೇಲೆ ಬೀಳುತ್ತಿತ್ತು. ಟ್ಯೂಬ್‌ಲೈಟ್ ಆರಿಸಲು ಹೇಳಿದೆ. ಹಿಂದಿನ ಗೋಡೆಯಲ್ಲಿ ದೇವರ ಚಿತ್ರದ ಕ್ಯಾಲೆಂಡರ್ ಇತ್ತು. ಚಿತ್ರದಲ್ಲಿ ಇನ್ನೊಂದು ಮುಖವಿದ್ದರೆ, ಅದು ದೇವರದ್ದೇ ಆಗಲಿ, ಕಣ್ಣು ಅಲ್ಲಿಗೊಮ್ಮೆ ಹೋಗಿಯೇ ಬರುತ್ತದೆ. ಕ್ಯಾಲೆಂಡರನ್ನು ತೆಗೆದು ಬೆಂಚಿನ ಮೇಲಿಟ್ಟೆವು. ಕೆಂಪು ಪ್ಲಾಸ್ಟಿಕ್ ಬಕೆಟ್ ಒಂದನ್ನು ಹೊರಗಿಟ್ಟೆ. ನೇತುಹಾಕಿದ ರವಿಕೆಗಳು ಅಲ್ಲೇ ಇರಲಿ ಎಂದೆ, ಅವು ಮಸುಕಾಗಿ ಹಿಂದೆ ಉಳಿಯುತ್ತವೆ.

"ಎಂತ ಉಟ್ಕಣ್ಲಿ ಅಕ್ಕ?"

"ದಿನಾ ಎಂತ ಉಡ್ತ್ಯೋ ಅದೇ."

ಅವಳು ಒಂದು ಸೀರೆಗೆ ಫಾಲ್ ಹೊಲಿಯಲು ಕೂತಳು. ಕಡು ನೀಲಿ ಸೀರೆ, ಉದ್ದಕ್ಕೆ ಎಡಗಡೆಯ ಸ್ಟೂಲಿನಿಂದ ಯಂತ್ರದ ಹಾಸಿನ ಮೇಲೆ ಹಾಯ್ದು ಬರುತ್ತಿತ್ತು. ನಾನು ಮೊದಲು ಎದುರಿಗೆ ನಿಂತೆ, ಆಮೇಲೆ ಬಾಗಿಲಿನ ಪಕ್ಕಕ್ಕೆ ಸರಿದೆ, ಆಮೇಲೆ ಮಂಡಿ ಊರಿ ಕೂತೆ. ಸ್ವಲ್ಪ ಹೊತ್ತು ಅವಳಿಗೆ ನಾನಿರುವುದು ಗಮನದಲ್ಲಿತ್ತು, ಕುತ್ತಿಗೆ ಬಿಗಿಯಾಗಿತ್ತು. ಆಮೇಲೆ ದಾರ ತುಂಡಾಯಿತು. ಮತ್ತೆ ಪೋಣಿಸಿ, ತಪ್ಪಿದ ಕಡೆ ಬಿಚ್ಚಿ, ಮತ್ತೆ ಹೊಲಿಯುವಷ್ಟರಲ್ಲಿ ನನ್ನನ್ನು ಮರೆತಳು. ಫೋಟೊ ಸಿಕ್ಕಿದ್ದು ಆಗ.

ಅದರಲ್ಲಿ ಮುಖ ಬಲಗಡೆ ಮೇಲಿನ ಭಾಗದಲ್ಲಿದೆ, ಬಾಗಿಲಿನ ಬೆಳಕು ಕೆನ್ನೆಯ ಮೇಲಿದೆ. ಅವಳ ದೃಷ್ಟಿ ಸೂಜಿಯ ಕಡೆ. ನೋಡುವವರು ಮೊದಲು ಮುಖ ನೋಡುತ್ತಾರೆ, ಅವಳು ನೋಡುತ್ತಿರುವ ಕಡೆ ಇಳಿಯುತ್ತಾರೆ, ಸೂಜಿಯ ಪಕ್ಕದಲ್ಲಿ ಕೈ ಸಿಗುತ್ತದೆ. ಸುಟ್ಟ ಕೈ ಎಂದು ಸ್ಪಷ್ಟವಾಗಿ ಕಾಣುತ್ತದೆ, ಬಟ್ಟೆಯನ್ನು ಒತ್ತಿ ಹಿಡಿದಿರುವುದೂ ಕಾಣುತ್ತದೆ. ಕಣ್ಣು ಅಲ್ಲಿ ನಿಲ್ಲದೆ ನೀಲಿ ಬಟ್ಟೆ ಹಿಡಿದು ಎಡಕ್ಕೆ ಹೋಗಿ, ಕತ್ತಲೆ ಇರುವ ಮೂಲೆಯಲ್ಲಿ ತಿರುಗಿ, ಮತ್ತೆ ಮುಖಕ್ಕೆ ಬರುತ್ತದೆ.

ಸ್ಟುಡಿಯೊಕ್ಕೆ ಬಂದು ಅಭ್ಯಾಸಬಲದಿಂದ ಕತ್ತರಿಸಿ ನೋಡಿದೆ. ಎಡಗಡೆಯ ಬಟ್ಟೆ ತೆಗೆದರೆ ಕೈ ಚಿತ್ರದ ನಡುವಿಗೆ ಬಂದು ಮುಖವನ್ನು ನುಂಗುತ್ತಿತ್ತು. ಕೆಳಗಿನಿಂದ ಕತ್ತರಿಸಿದರೆ ಸೂಜಿ ಹೋಗಿ, ಅವಳು ಏನು ನೋಡುತ್ತಿದ್ದಾಳೆಂದು ತಿಳಿಯುತ್ತಿರಲಿಲ್ಲ. ಬಾಗಿಲ ದಾರಂದದ ಒಂದು ಚೂರು ಬಿಟ್ಟು ಬೇರೆ ಏನನ್ನೂ ತೆಗೆಯಲಿಲ್ಲ.

ತಾಯಿಗೆ ಅದು ಮಗಳ ಮೊಬೈಲಿನಲ್ಲಿ ಸಿಕ್ಕಿತು. ನನಗೆ ಫೋನು ಬಂತು.

"ಇದೆಂತ ಫೋಟ ಮಾರ್ರೆ? ಕುತ್ತಿಗಿಗ್ ಚಿನ್ನ ಇಲ್ಲ, ತಲಿಗ್ ಹೂಗ್ ಇಲ್ಲ. ಇದ್ನ ಗಂಡಿನ್ ಮನಿಗ್ ಕಳ್ಸುದಾ, ಅಂಗ್ಡಿ ಬೋರ್ಡಿಗ್ ಹಾಕುದಾ?"

"ನಿಮ್ಮ ಮಗ್ಳ್ ಕೇಂಡದ್ದೇ ಹಾಂಗೆ ಅಮ್ಮ," ಎಂದೆ.

"ಅದ್ ಕೇಂತ್ ಅಂದೇಳಿ ನೀವ್ ತೆಗುದಾ?" ಎಂದು ಫೋನು ಇಟ್ಟರು.

ಸಂಬಂಧಗಳು ಬರುತ್ತಿದ್ದದ್ದು ಹುಡುಗಿಯ ಚಿಕ್ಕಮ್ಮನ ಮೂಲಕ. ಹುಡುಗಿ ಚಿಕ್ಕಮ್ಮನ ಹತ್ತಿರ ಮಾತಾಡಿ, ಇನ್ನು ಮುಂದೆ ಈ ಫೋಟೊವನ್ನೇ ಕಳಿಸಬೇಕೆಂದು ಹೇಳಿದಳು. ಕಳಿಸಿದರು. ಹೆಚ್ಚಿನವರಿಂದ ಉತ್ತರ ಬರಲಿಲ್ಲ. ಒಮ್ಮೆ ಅಂಗಡಿಯ ಬೋರ್ಡಿನ ಫ್ಲೆಕ್ಸ್ ಮಾಡಿಸಲು ನನ್ನಲ್ಲಿಗೆ ಬಂದಾಗ ಕೇಳಿದೆ. "ಉತ್ರ ಬತ್ತಿಲ್ಲೆ ಅಕ್ಕ," ಎಂದು ನಕ್ಕಳು. "ಕಾಫಿ ಮಾಡು ಕೆಲ್ಸ ಉಳಿತ್ ಕಾಣಿ."

ಬೇಸಗೆಯಲ್ಲಿ ಒಬ್ಬನಿಂದ ಉತ್ತರ ಬಂತು. ಇವನೂ ಬೈಂದೂರಿನ ಕಡೆಯವನು, ಆದರೆ ಆ ಮೊದಲಿನ ಮನೆಯವನಲ್ಲ. ಮೀನಿಗೆ ಐಸ್ ಮಾಡುವ ಕಾರ್ಖಾನೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಮೊದಲು ಮುಂಬೈಯ ಹೋಟೆಲಿನಲ್ಲಿದ್ದು ಊರಿಗೆ ಮರಳಿದವನು. ಹುಡುಗಿಯ ಫೋಟೊ ಒಪ್ಪಿಗೆ ಎಂದು ಹೇಳಿ ತನ್ನದೊಂದು ಕಳಿಸಿದ್ದ. ಅವಳು ಅದನ್ನು ತೋರಿಸಲು ಬ್ರಹ್ಮಾವರಕ್ಕೆ ಬಂದಳು. ಮೊಬೈಲನ್ನು ನನ್ನ ಮುಂದೆ ಹಿಡಿದಳು.

ತಿಳಿನೀಲಿ ಅಂಗಿ ತೊಟ್ಟ, ಹಣೆ ಅಗಲವಾದ ಗಂಡಸು, ನಗುತ್ತಿದ್ದಾನೆ. ಚಿತ್ರದ ಒಂದು ಬದಿ ತೀರ ಬಿಗಿಯಾಗಿತ್ತು, ಹೆಗಲು ಮುಗಿಯುವ ಮೊದಲೇ ಅಂಚು ಬಂದಿತ್ತು. ಆ ಹೆಗಲಿನ ಮೇಲೆ, ಅಂಚಿನ ಆಚೆಯಿಂದ ಬಂದ ಬೆರಳುಗಳ ತುದಿಗಳಿದ್ದವು. ಉಗುರಿಗೆ ಕೆಂಪು ಬಣ್ಣ.

"ನಾನ್ ಮುಖ ಕಂಡದ್ದೇ ಇಲ್ಲ ಅಕ್ಕ. ಮೊದ್ಲ್ ಈ ಬೆರಳೇ ಕಂಡದ್ದ್," ಎಂದಳು.

ನನಗೂ ಹಾಗೆಯೇ ಆಗಿತ್ತು. ತಿಳಿ ಬಣ್ಣದ ನಡುವೆ ಕೆಂಪು, ಅದೂ ಅಂಚಿನಲ್ಲಿ. ಕತ್ತರಿಸಿದವರು ಇನ್ನೂ ಕೂದಲೆಳೆಯಷ್ಟು ಒಳಗೆ ಬಂದಿದ್ದರೆ ಗೊತ್ತಾಗುತ್ತಿರಲಿಲ್ಲ.

"ಚಿಕ್ಕಮ್ಮ ಎಂತ ಹೇಳಿದ್ರ್?"

"ಎಂತದೂ ಹೇಳ್ಲಿಲ್ಲ. ಅವ್ರಿಗೂ ಗೊತ್ತಿಪ್ಪುದ್ ಸಂಶಯ."

"ಅವ್ನ ಹತ್ರವೇ ಕೇಣ್."

ಅವಳು ನನ್ನ ಬೆಂಚಿನ ಮೇಲೆ ಕೂತು, ಬಲಗೈ ಹೆಬ್ಬೆರಳಿನಲ್ಲಿ ಟೈಪ್ ಮಾಡಿದಳು. ನನಗೆ ತೋರಿಸಿದಳು. 'ನಿಮ್ಮ ಹೆಗಲ ಮೇಲಿರುವ ಕೈ ಯಾರದ್ದು?' ಅಷ್ಟೇ. ಕಳಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಉತ್ತರ ಕೂಡಲೇ ಬರಲಿಲ್ಲ. ಬಂದಾಗ ಪೂರ್ತಿ ಫೋಟೊವೇ ಬಂತು. ಯಾವುದೋ ಮದುವೆ ಹಾಲಿನ ವೇದಿಕೆ. ಅವನ ಪಕ್ಕದಲ್ಲಿ ಹಸುರು ಸೀರೆಯ ಹೆಂಗಸು, ಅವನ ಹೆಗಲಿನ ಮೇಲೆ ಕೈ. ಅದು ತನ್ನ ಹೆಂಡತಿಯಾಗಿದ್ದವಳ ಕೈ ಎಂದು, ಕೋರ್ಟಿನಲ್ಲಿ ವಿಚ್ಛೇದನವಾಗಿದೆ ಎಂದು, ಅವಳು ಮುಂಬೈಯಲ್ಲೇ ಬೇರೆ ಮದುವೆಯಾಗಿದ್ದಾಳೆ ಎಂದು ಅವನು ಬರೆದಿದ್ದ. ಇದನ್ನು ಮೊದಲೇ ಹೇಳಬೇಕೆಂದು ತನಗಿತ್ತು, ನೋಡಿ ಹೋದ ಮೇಲೆ ಹೇಳಿದರೆ ಸಾಕೆಂದು ಮನೆಯವರು ತಡೆದರು ಎಂದೂ ಬರೆದಿದ್ದ. ತಾನು ಚೆನ್ನಾಗಿ ಕಾಣುವ ಫೋಟೊ ಇದೊಂದೇ ಇದ್ದದ್ದರಿಂದ ಮೊಬೈಲಿನಲ್ಲಿ ತಾನೇ ಕತ್ತರಿಸಿದೆ, ತನಗೆ ಕತ್ತರಿಸಲು ಬರುವುದಿಲ್ಲ.

ಹುಡುಗಿ ಆ ಫೋಟೊವನ್ನು ನನ್ನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿದಳು. ಗಂಡ ಕ್ಯಾಮೆರಾ ನೋಡುತ್ತಿದ್ದಾನೆ, ಹೆಂಡತಿ ಚೌಕಟ್ಟಿನ ಹೊರಗೆ ಎಲ್ಲೋ ನೋಡುತ್ತಿದ್ದಾಳೆ.

"ಇವ್ರಿಬ್ರಿಗ್ ಸರಿ ಇರ್ಲಿಲ್ಲ ಅಂದೇಳಿ ಇದ್ರಂಗೆ ಗೊತ್ತಾತ್ತಾ ಅಕ್ಕ?"

"ಇಲ್ಲೆ," ಎಂದೆ. "ಆಚಿಂದ ಯಾರೋ ಕರ್ದಿರ್ಲಿಕ್ಕೂ ಸಾಕ್. ಫೋಟದಂಗೆ ಅಷ್ಟೆಲ್ಲ ಇಪ್ಪುದಿಲ್ಲ."

ಅವಳು ತಲೆಯಾಡಿಸಿದಳು. ಸಿಟ್ಟು ಬಂದಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೆಲವು ವಾರ ಅವನಿಗೆ ಏನೂ ಬರೆಯಲಿಲ್ಲ ಎಂದು ಆಮೇಲೆ ಹೇಳಿದಳು. ಒಂದು ದಿನ ಬರೆದಳು. ಮಾತಾಡುವುದಿದ್ದರೆ ಬ್ರಹ್ಮಾವರಕ್ಕೆ, ನನ್ನ ಸ್ಟುಡಿಯೊಕ್ಕೆ ಬರಲಿ ಎಂದು. ಬಸ್ರೂರಿನಲ್ಲೂ ಬೇಡ, ಕುಂದಾಪುರದಲ್ಲೂ ಬೇಡ. ನನ್ನನ್ನು ಕೇಳಿದಾಗ, ಬನ್ನಿ, ನನಗೇನು ಎಂದೆ.

ಅವನು ಅವಳಿಗಿಂತ ಮೊದಲೇ ಬಂದು ಕೆಳಗಿನ ಔಷಧಿ ಅಂಗಡಿಯ ಮುಂದೆ ನಿಂತಿದ್ದ. ಫೋಟೊದಲ್ಲಿ ಕಂಡಷ್ಟು ಎತ್ತರವಿರಲಿಲ್ಲ. ಇಬ್ಬರೂ ಗಿರಾಕಿಗಳ ಬೆಂಚಿನ ಎರಡು ತುದಿಗಳಲ್ಲಿ ಕೂತರು. ನಾನು ಕಂಪ್ಯೂಟರಿನ ಕಡೆ ತಿರುಗಿ ಕೆಲಸ ಮಾಡುತ್ತಿದ್ದೆ, ಆದರೆ ಕೋಣೆ ಸಣ್ಣದು, ಎಲ್ಲ ಕೇಳಿಸುತ್ತಿತ್ತು.

"ಆ ಫೋಟದಂಗೆ ನೀವ್ ಎಡಗೈಯಂಗೆ ಬಟ್ಟಿ ತಳ್ತಾ ಇದ್ರಿ," ಎಂದ ಅವನು. "ನೋವಾತ್ತಿಲ್ಯಾ?"

"ಇಲ್ಲೆ. ಚಳಿಗ್ ಚರ್ಮ ಬಿಗಿತ್ತ್, ಎಣ್ಣಿ ಹಚ್ಕ್. ಅಷ್ಟೆ." ಆಮೇಲೆ ಅವಳು ಕೇಳಿದಳು, "ಮದಿ ಎಂತಕ್ ಮುರಿತ್?"

ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಮುಂಬೈಯಲ್ಲಿ ತಾನು ಬೆಳಗಿನಿಂದ ಹೋಟೆಲಿನಲ್ಲಿರುತ್ತಿದ್ದೆ, ಹೆಂಡತಿ ಒಂದು ಕೋಣೆಯಲ್ಲಿ ಒಬ್ಬಳೇ. ಅವಳು ಕೆಲಸಕ್ಕೆ ಸೇರಿದಳು, ಅಲ್ಲಿ ಅವಳಿಗೆ ಹಿಡಿಸಿತು. ತನಗೆ ಊರಿಗೆ ಬರಬೇಕಿತ್ತು, ಅವಳಿಗೆ ಬೇಡವಾಗಿತ್ತು. "ಜಗಳ ಎಂತದೂ ಇರ್ಲಿಲ್ಲ. ಮಾತೇ ಇರ್ಲಿಲ್ಲ, ಕಡಿಕೆ," ಎಂದ.

ಆಗ ಒಬ್ಬ ಅಜ್ಜ ಪಾಸ್‌ಪೋರ್ಟ್ ಫೋಟೊಕ್ಕೆಂದು ಬಂದರು. ಮಗನ ಮನೆಗೆ ದುಬೈಗೆ ಹೋಗುವವರು. ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಅಂಗಿಯ ಕಾಲರ್ ಒಂದು ಕಡೆ ಮಡಚಿ ನಿಂತಿತ್ತು. ನಾನು ಕ್ಯಾಮೆರಾ ಬಿಟ್ಟು ಏಳುವ ಮೊದಲೇ ಹುಡುಗಿ ಎದ್ದು ಹೋಗಿ, ಎಡಗೈಯಿಂದ ಕಾಲರನ್ನು ಒತ್ತಿ ಹಿಡಿದು, ಬಲಗೈಯಿಂದ ಮಡಿಕೆ ಬಿಡಿಸಿ ಗುಂಡಿ ಹಾಕಿದಳು. ಅಜ್ಜ ಕತ್ತು ಎತ್ತಿ ಕೊಟ್ಟರು. ಬೆಂಚಿನ ಮೇಲಿದ್ದವನು ಅದನ್ನೇ ನೋಡುತ್ತಿದ್ದ. ಕೈಯನ್ನು ನೋಡುತ್ತಿದ್ದನೋ ಕಾಲರನ್ನೋ ಹೇಳಲಾರೆ. ಅಜ್ಜ ಹೋದ ಮೇಲೆ ಅವರಿಬ್ಬರೂ ಕೆಳಗೆ ಹೋಗಿ ಕಬ್ಬಿನ ಹಾಲು ಕುಡಿದು, ಬೇರೆ ಬೇರೆ ಬಸ್ಸು ಹತ್ತಿ ಹೋದರು.

ಮದುವೆ ಸುಲಭದಲ್ಲಿ ಆಗಲಿಲ್ಲ. ತಾಯಿ ಒಪ್ಪಲಿಲ್ಲ. ಒಂದು ಮಧ್ಯಾಹ್ನ ನನ್ನ ಸ್ಟುಡಿಯೊಕ್ಕೇ ಬಂದು ಕೂತರು. ಎಲ್ಲ ಶುರುವಾದದ್ದು ನನ್ನ ಫೋಟೊದಿಂದ ಎಂದು ಅವರ ಲೆಕ್ಕ.

"ಎರಡನೇ ಸಂಬಂಧ ಮಾರ್ರೆ. ನನ್ನ ಮಗ್ಳಿಗ್ ಕೈಯೊಂದ್ ಬಿಟ್ರೆ ಎಂತ ಕಮ್ಮಿ ಇತ್ತ್?"

ಕೆಳಗಿನಿಂದ ಚಹಾ ತರಿಸಿಕೊಟ್ಟೆ. ಅವರು ಚಹಾ ಕುಡಿಯುತ್ತ, ಭತ್ತ ಬೇಯಿಸುತ್ತಿದ್ದ ದಿನ ತಾನು ಕೊಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ಏನಾಯಿತು ಎಂದು ಹೇಳಿದರು. ಯಾವ ಆಸ್ಪತ್ರೆಗೆ ಓಡಿದರು, ಯಾರ ಜೀಪು ಸಿಕ್ಕಿತು, ಎಲ್ಲವನ್ನೂ. ಆ ಕೈ ಯಾರಿಗೂ ಕಾಣಬಾರದೆಂದು ಅವರಿಗೆ ಅಷ್ಟೊಂದು ಯಾಕಿತ್ತು ಎಂದು ನನಗೆ ಆಗ ಅರ್ಥವಾಯಿತು. ಕಣ್ಣೊರೆಸಿಕೊಂಡು ಎದ್ದು ಹೋದರು.

ಮಳೆಗಾಲ ಕಳೆದ ಮೇಲೆ ಅವರೂ ತಂಗಿಯೂ ಬೈಂದೂರಿಗೆ ಹೋಗಿ ಗಂಡಿನ ಮನೆ ನೋಡಿ ಬಂದರು. ಬಾವಿಯ ನೀರು ಚೆನ್ನಾಗಿದೆ, ಗಂಡಿನ ಅಕ್ಕನ ನಾಲಿಗೆ ಸ್ವಲ್ಪ ಉದ್ದ, ಹುಡುಗ ಮಾತು ಕಮ್ಮಿ. ಅದು ಅವರ ಅಭಿಪ್ರಾಯ. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಾಲ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸತೊಡಗಿದರು.

ಮದುವೆ ಕುಂದಾಪುರದ ಒಂದು ಸಣ್ಣ ಹಾಲಿನಲ್ಲಿ ನಡೆಯಿತು. ಫೋಟೊಕ್ಕೆ ನನ್ನನ್ನೇ ಹೇಳಿದ್ದರು. ಧಾರೆಯ ಹೊತ್ತಿಗೆ ನಾನು ಮಂಟಪದ ಎದುರು ಜಾಗ ಹಿಡಿದೆ. ಧಾರೆಯ ಫೋಟೊವನ್ನು ಎಲ್ಲರೂ ತೆಗೆಯುವ ರೀತಿ ಒಂದಿದೆ. ಕೈಗಳ ಮೇಲೆ ಕೈ, ನೀರು, ಅಷ್ಟನ್ನೇ ಹತ್ತಿರದಿಂದ. ನಾನು ಹಿಂದೆ ಸರಿದೆ. ಸೋದರಮಾವ ಒಬ್ಬರು ಅಡ್ಡ ನಿಂತಿದ್ದರು, ಅವರನ್ನು ಬದಿಗೆ ಕಳಿಸಿದೆ.

ವಧು ಎರಡೂ ಕೈ ಮುಂದಿಟ್ಟಳು. ಎಡಗೈಯನ್ನು ಸೆರಗಿನಲ್ಲಿ ಮುಚ್ಚಲಿಲ್ಲ. ಕೆಳಗೆ ಅವನ ಕೈಗಳು ಇದ್ದವು. ತಾಯಿ ಕಳಶ ಬಗ್ಗಿಸಿ ನೀರು ಬಿಟ್ಟರು. ಹಾಲಿನಲ್ಲಿದ್ದವರೆಲ್ಲ ಕೈಗಳನ್ನು ನೋಡುತ್ತಿದ್ದರು. ಆ ಹೊತ್ತಿನಲ್ಲಿ ನೋಡಬೇಕಾದ್ದೇ ಅದು. ನನ್ನ ಚೌಕಟ್ಟಿನಲ್ಲಿ ಮೇಲೆ ತಾಯಿಯ ಮುಖ, ಅಲ್ಲಿಂದ ನೇರ ಕೆಳಗೆ ಬೀಳುವ ನೀರಿನ ಗೆರೆ, ಗೆರೆಯ ಕೊನೆಯಲ್ಲಿ ಕೈಗಳು, ಎರಡು ಬದಿಗೂ ಬಾಗಿದ ಎರಡು ತಲೆಗಳು. ತಾಯಿ ತುಟಿ ಬಿಗಿ ಹಿಡಿದಿದ್ದರು. ನೀರು ಚೆಲ್ಲದಂತೆ ನೋಡಿಕೊಳ್ಳುವುದರಲ್ಲೇ ಅವರ ಗಮನವಿತ್ತು.

ಆಲ್ಬಮ್ಮಿನಲ್ಲಿ ಅದನ್ನು ಒಂದು ಪುಟದ ತುಂಬ ಹಾಕಿದೆ. ತಾಯಿ ಪುಟ ಮಗುಚುತ್ತ ಅದರ ಹತ್ತಿರ ಬಂದಾಗ ಸ್ವಲ್ಪ ನಿಂತರು. "ನೀರ್ ಲಾಯ್ಕ್ ಬಂದಿತ್ತ್," ಎಂದರು. ಗೋಡೆಗೆ ದೊಡ್ಡದು ಮಾಡಿಸಲು ಅವರು ಆರಿಸಿದ್ದು ಬೇರೆಯದನ್ನು. ಮನೆಯವರೆಲ್ಲ ಸಾಲಾಗಿ ನಿಂತ ಗ್ರೂಪ್ ಫೋಟೊ. ಅದರಲ್ಲಿ ತಾವು ಚೆನ್ನಾಗಿ ಬಂದಿದ್ದೇವೆ ಎಂದರು. ನಿಜವಾಗಿಯೂ ಚೆನ್ನಾಗಿ ಬಂದಿದ್ದರು.

ಅವಳು ಈಗ ಬೈಂದೂರಿನಲ್ಲಿದ್ದಾ‌ಳೆ. ಪೇಟೆಯಲ್ಲಿ ಒಂದು ಕೋಣೆ ಹಿಡಿದು ಅಂಗಡಿ ಇಟ್ಟಿದ್ದಾಳೆ. ಜೊತೆಗೆ ಇಬ್ಬರು ಹೆಂಗಸರು ಹೊಲಿಯಲು ಬರುತ್ತಾರೆ. ಮದುವೆ ಸೀಸನ್ನಿನಲ್ಲಿ ರವಿಕೆಗೆ ವಾರಗಟ್ಟಲೆ ಕಾಯಬೇಕು. ಗಂಡ ಐಸ್ ಕಾರ್ಖಾನೆಯ ಪಾಳಿ ಮುಗಿಸಿ ಬಂದವನು ಅಂಗಡಿಯ ಶಟರ್ ಎಳೆಯಲು ನಿಂತಿರುವುದನ್ನು ನಾನು ಕಂಡಿದ್ದೇನೆ. ಅವರ ಸಂಸಾರದ ಬಗ್ಗೆ ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಈಚೆಗೆ ಬೈಂದೂರಿನಲ್ಲಿ ಒಂದು ಗೃಹಪ್ರವೇಶದ ಕೆಲಸವಿತ್ತು. ಮುಗಿಸಿ ಅವಳ ಅಂಗಡಿಗೆ ಹೋಗಿ, ನನ್ನದೊಂದು ರವಿಕೆ ಬಟ್ಟೆ ಕೊಟ್ಟೆ. ಅಳತೆ ತೆಗೆದುಕೊಳ್ಳುತ್ತೇನೆ ಎಂದು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ಟೇಪಿನ ಒಂದು ತುದಿಯನ್ನು ಎಡ ಹೆಬ್ಬೆರಳಿನಲ್ಲಿ ಒತ್ತಿಹಿಡಿದು ಬೆನ್ನಿನ ಮೇಲೆ ಎಳೆದಳು. ಮತ್ತೆ ಒಮ್ಮೆ ಎಳೆದಳು.

"ಅಕ್ಕ, ನಿಮ್ಮ ಬಲದ್ ಹೆಗ್ಲ್ ತಗ್ಗ್ ಇತ್ತ್. ಗೊತ್ತಿತ್ತಾ?"

"ಇಲ್ಲೆ. ಯಾರೂ ಹೇಳ್ಲಿಲ್ಲ."

"ಕ್ಯಾಮೆರಾ ಚೀಲ ಅದೇ ಹೆಗ್ಲಿಗ್ ಹಾಕುದಲ್ದಾ, ಅದ್ಕೆ," ಎಂದಳು. "ಎರ್ಡೂ ಬದಿ ಒಂದೇ ಅಳ್ತಿಗ್ ಹೊಲ್ದ್ರೆ ಜಾರ್ತ್. ನಾನ್ ಬೇರೆ ಬೇರೆ ಅಳ್ತಿ ತಕಂತೆ. ಕೈ ಸ್ವಲ್ಪ ಎತ್ತಿ ಕಾಂಬ."

ನಾನು ಕೈ ಎತ್ತಿ ನಿಂತೆ.